ವರ್ಷಕ್ಕೊಂದೇ ಉಬ್ಬರ: ಕಲ್ಲುದೊಣೆಗಳ ಜೀವಲೋಕ

ಕಡಲು ಇಳಿದಾಗ ತೀರದ ಬಂಡೆಗಳ ತಗ್ಗುಗಳಲ್ಲಿ ಉಳಿದುಬಿಡುವ ಹೊಂಡಗಳು, ನೀರಿನ ಬಾಳನ್ನೂ ನೆಲದ ಬಿಸಿಲನ್ನೂ ಒಂದೇ ದಿನದಲ್ಲಿ ಎದುರಿಸಬೇಕಾದ ಜೀವಿಗಳ ನೆಲೆಯೆಂದು ಜೀವಶಾಸ್ತ್ರದಲ್ಲಿ ಹೆಸರಾಗಿವೆ. ಕಾರವಾರ, ಗೋಕರ್ಣ, ಮಲ್ಪೆಗಳ ಕಲ್ಲುತೀರದಲ್ಲಿ ಬಂಡೆಗೆ ಕಚ್ಚಿಕೊಂಡಿರುವ ಸಿಂಪಿಗಳಿಗೂ ಪಾಚಿಗಳಿಗೂ ಏಡಿಗಳಿಗೂ ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಬರುವ ಉಬ್ಬರವೇ ಗಡಿಯಾರ. ಆ ತೀರದಿಂದ 300 ಕಿ.ಮೀ.ಗೂ ಹೆಚ್ಚು ಒಳಗಿರುವ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ದೇವಾಪುರ, ಸುರಪುರ, ಶಹಾಪುರಗಳ ಸೀಮೆಗೆ ಕಡಲಿನ ಉಬ್ಬರ ತಲುಪುವುದಿಲ್ಲ. ಆದರೆ ಗ್ರಾನೈಟ್ ಗುಡ್ಡಗಳ ಈ ನಾಡಿನಲ್ಲಿ ಬಂಡೆಯ ನೆತ್ತಿಯ ತಗ್ಗುಗಳಿಗೆ ಉಬ್ಬರವೊಂದು ಬರುವುದುಂಟು. ಅದು ವರ್ಷಕ್ಕೊಮ್ಮೆ, ಮುಂಗಾರಿನ ರೂಪದಲ್ಲಿ ಬರುತ್ತದೆ.

ಬಂಡೆಯಲ್ಲಿ ತಾನಾಗಿ ಉಂಟಾದ ಇಂಥ ನೀರಿನ ತಗ್ಗಿಗೆ ಕನ್ನಡದಲ್ಲಿ ದೊಣೆ ಎಂಬ ಹಳೆಯ ಹೆಸರಿದ್ದು, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕಂಚಿನ ದೊಣೆ ಮತ್ತು ಲಕ್ಕಿ ದೊಣೆಗಳು ಈ ಹೆಸರನ್ನು ಇಂದಿಗೂ ಉಳಿಸಿಕೊಂಡಿವೆ. ಪೂರ್ವ ಕರ್ನಾಟಕದ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಅದರ ಮೇಲಿನ ಸಣ್ಣ ಕುಳಿಯಲ್ಲಿ ನೀರು ನಿಂತಾಗ ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ನಿಧಾನವಾಗಿ ಜೇಡಿಯಾಗಿ ಮಾರ್ಪಡುತ್ತದೆ, ಅದರ ಹಿಡಿತ ತಪ್ಪಿದ ಹರಳುಗಳು ಉದುರುತ್ತವೆ, ಬೇಸಿಗೆಯ ಗಾಳಿಯೂ ಮಳೆಯ ಹರಿವೂ ಅವನ್ನು ಹೊರಗೆ ಸಾಗಿಸುತ್ತವೆ. ಕುಳಿ ಹಿಗ್ಗಿದಷ್ಟೂ ಹೆಚ್ಚು ನೀರು ನಿಲ್ಲುವುದರಿಂದ, ಸವೆತವೇ ಮುಂದಿನ ಸವೆತಕ್ಕೆ ದಾರಿಯಾಗಿ, ಅಂಗೈ ಅಗಲದ ಗುಳಿಯೊಂದು ಯುಗಗಳುದ್ದಕ್ಕೂ ದೊಣೆಯಾಗಿ ಬೆಳೆಯುತ್ತದೆ.

ಬೇಸಿಗೆಯಲ್ಲಿ ಗಾಳಿಯ ತಾಪವೇ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಬರಿಗಲ್ಲಿನ ಕಾವು ಅದಕ್ಕಿಂತಲೂ ಹೆಚ್ಚಿರುತ್ತದೆ. ಆಗ ದೊಣೆಯ ತಳದಲ್ಲಿ ಬೆರಳೆರಡರಷ್ಟು ಒಣಮಣ್ಣಲ್ಲದೆ ಬೇರೇನೂ ಕಾಣುವುದಿಲ್ಲ. ಆದರೆ ಪರ್ಯಾಯದ್ವೀಪದ ಮಳೆಗಾಲದ ಹೊಂಡಗಳಲ್ಲಿ ಬಾಳುವ ಸ್ಟ್ರೆಪ್ಟೊಸೆಫಾಲಸ್ ಕುಲದ ಜೀವಿಗಳು ತಮ್ಮ ಮುಂದಿನ ಪೀಳಿಗೆಯನ್ನು ಅಡಗಿಸಿಡುವುದು ಇಂಥ ಮಣ್ಣಿನಲ್ಲಿಯೇ. ಸಿಗಡಿಗೆ ದೂರದ ಬಂಧುವಾದ ಈ ಜೀವಿಗೆ ಮೈಮೇಲೆ ಚಿಪ್ಪಿಲ್ಲ. ಅದು ಅಂಗಾತವಾಗಿ ಈಜುತ್ತ, 11 ಜೊತೆ ಎಲೆಯಂಥ ಕಾಲುಗಳಿಂದಲೇ ಉಸಿರಾಡುತ್ತದೆ, ಅವುಗಳಿಂದಲೇ ನೀರಿನ ಸಣ್ಣ ಪಾಚಿಯನ್ನು ಸೋಸಿ ತಿನ್ನುತ್ತದೆ. ಅದರ ಮೊಟ್ಟೆಯೊಳಗಿನ ಭ್ರೂಣವು ಒಂದು ಹಂತದವರೆಗೆ ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ. ಗಟ್ಟಿ ಕವಚದೊಳಗಿನ ಈ ಸುಪ್ತಾವಸ್ಥೆ, ಅಂದರೆ ಬದುಕಿನ ಚಟುವಟಿಕೆಗಳೆಲ್ಲ ಬಹುತೇಕ ಸ್ತಬ್ಧವಾದ ಸ್ಥಿತಿ, ವರ್ಷಗಳವರೆಗೂ ಮುಂದುವರಿಯಬಲ್ಲದು.

ಮಳೆ ಬಿದ್ದು ದೊಣೆ ತುಂಬಿದ ಒಂದೆರಡು ದಿನಗಳಲ್ಲಿ ಮೊಟ್ಟೆಗಳು ಒಡೆಯುತ್ತವೆ, ಮರಿಗಳು ಒಂದೆರಡು ವಾರಗಳಲ್ಲಿಯೇ ಪ್ರೌಢವಾಗಿ ಮತ್ತೆ ಮೊಟ್ಟೆಯಿಡುತ್ತವೆ. ಆದರೆ ಮೊದಲ ಮಳೆಗೇ ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ. ಮೃಗಶಿರಾ ಮಳೆಗೆ ತುಂಬಿದ ನೀರು ಆರಿದ್ರಾ ಬರುವಷ್ಟರಲ್ಲಿ ಆರಿಹೋದರೆ ಒಡೆದ ಮೊಟ್ಟೆಗಳ ಪೀಳಿಗೆಯೆಲ್ಲ ನಾಶವಾಗುವುದರಿಂದ, ಉಳಿದವು ಮುಂದಿನ ಮಳೆಗೋ ಮುಂದಿನ ವರ್ಷಕ್ಕೋ ಮೀಸಲಾಗಿರುತ್ತವೆ. ಬಿತ್ತನೆ ಬೀಜವನ್ನೆಲ್ಲ ಒಂದೇ ಹದಕ್ಕೆ ಸುರಿಯದೆ ಕಣಜದಲ್ಲಿ ಒಂದಿಷ್ಟು ಉಳಿಸಿಕೊಳ್ಳುವ ಒಣಬೇಸಾಯದ ರೈತನ ಲೆಕ್ಕವೂ ಇದೇ.

ನೀರು ಹೆಚ್ಚು ದಿನ ನಿಲ್ಲುವ ದೊಣೆಗಳಿಗೆ ಹೊರಗಿನವರೂ ಬರುತ್ತಾರೆ. ಕಪ್ಪೆಗಳು ಮೊಟ್ಟೆಯಿಡುತ್ತವೆ, ಸೊಳ್ಳೆಗಳೂ ಹಾರಿಬರುತ್ತವೆ. ಮಳೆಗಾಲದಲ್ಲಿ ಗುಂಪುಗುಂಪಾಗಿ ಕಾಣುವ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆ, ಅಂದರೆ ಪಂಟಾಲ ಫ್ಲಾವೆಸೆನ್ಸ್, ಮೀನುಗಳಿಲ್ಲದ ಇಂಥ ತಾತ್ಕಾಲಿಕ ನೀರನ್ನೇ ಆರಿಸಿಕೊಂಡು ಮೊಟ್ಟೆಯಿಡುತ್ತದೆ. ಅದರ ಮರಿಗಳು ನೀರಿನ ಹುಳುಗಳನ್ನೂ ಗೊದಮೊಟ್ಟೆಗಳನ್ನೂ ತಿಂದು, ಕೆಲವೇ ವಾರಗಳಲ್ಲಿ ರೆಕ್ಕೆ ಪಡೆಯುತ್ತವೆ. ಈ ಜಾತಿಯ ಕೀಟಗಳು ಭಾರತದಿಂದ ಮಾಲ್ಡೀವ್ಸ್ ಮೂಲಕ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಕ್ಕೆ ವಲಸೆ ಹೋಗುತ್ತವೆಂಬ ವಾದವನ್ನು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಮಂಡಿಸಿದರು.

ದೊಣೆಯ ಸಸ್ಯಗಳ ಕಷ್ಟ ಬೇರೆ ಬಗೆಯದು. ಮಳೆನೀರಿನಲ್ಲಿ ಲವಣಾಂಶ ಬಹಳ ಕಡಿಮೆಯಿರುವುದರಿಂದ ಅದರ ರಾಸಾಯನಿಕ ಗುಣ ದಿನವೊಂದರಲ್ಲಿಯೇ ತೀವ್ರವಾಗಿ ಏರಿಳಿಯುತ್ತದೆ: ಹಗಲಿನಲ್ಲಿ ಪಾಚಿಗಳು ದ್ಯುತಿಸಂಶ್ಲೇಷಣೆಗಾಗಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮುಗಿಸಿದಾಗ ನೀರು ಕ್ಷಾರವಾಗುತ್ತದೆ, ರಾತ್ರಿ ಎಲ್ಲ ಜೀವಿಗಳೂ ಉಸಿರಾಡುವಾಗ ಆ ಅನಿಲ ಮತ್ತೆ ತುಂಬಿಕೊಳ್ಳುತ್ತದೆ. ಕಡಲತೀರದ ಹೊಂಡಗಳಲ್ಲಿಯೂ ಕಂಡುಬರುವ ಈ ಏರಿಳಿತಕ್ಕೆ ಐಸೋಯಿಟಿಸ್ ಎಂಬ, ಹುಲ್ಲಿನಂತೆ ಕಂಡರೂ ಹೂ ಬಿಡದ ಸಸ್ಯಕುಲ ಜಾಣ ಉಪಾಯವೊಂದನ್ನು ಕಂಡುಕೊಂಡಿದೆ. ಮಳೆಗಾಲದ ಹೊಂಡಗಳಲ್ಲಿ ಬೆಳೆಯುವ ಇದರ ಜಾತಿಗಳು ರಾತ್ರಿಯ ಹೊತ್ತು ಇಂಗಾಲವನ್ನು ಹೀರಿ ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲಿನಲ್ಲಿ ಅದನ್ನೇ ಬಿಡಿಸಿ ಆಹಾರ ತಯಾರಿಸುತ್ತವೆ. ಮರುಭೂಮಿಯ ಕಳ್ಳಿಗಳದೆಂದು ತಿಳಿಯಲಾಗಿದ್ದ ಈ ವಿದ್ಯೆ ನೀರೊಳಗಿನ ಐಸೋಯಿಟಿಸ್‌ಗೂ ಸಿದ್ಧಿಸಿದೆಯೆಂಬುದನ್ನು ಅಮೆರಿಕದ ಜಾನ್ ಕೀಲಿ 1981ರಲ್ಲಿ ತೋರಿಸಿದರು. ದಕ್ಷಿಣ ಭಾರತದಲ್ಲಿರುವ ಒಂದು ಜಾತಿಗೆ ಕೋರಮಂಡಲ ಸೀಮೆಯ ಹೆಸರೇ ಅಂಟಿ, ಅದು ಐಸೋಯಿಟಿಸ್ ಕೊರಮಂಡಲಿನಾ ಎನಿಸಿಕೊಂಡಿದೆ. ದೊಣೆಯಿಂದ ನೀರು ತುಳುಕುವ ದಾರಿಯಲ್ಲಿ ಬಂಡೆಯ ಮೇಲೆ ಕಾಣುವ ಕಪ್ಪು ಪಟ್ಟೆಗಳೂ ಕೊಳೆಯಲ್ಲ. ಒಣಗಿ ಕರಿಕಾಗಿ, ನೆನೆದೊಡನೆ ಚೇತರಿಸಿಕೊಳ್ಳುವ ಸಯಾನೊಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗಳ ಪದರ ಅವು.

ಒಣಗುವುದನ್ನು ತಾಳುವ ಕಲೆಯ ತುದಿಯನ್ನು ಮುಟ್ಟಿರುವುದು ಆಫ್ರಿಕದ ಬಂಡೆಗುಳಿಗಳ ಪಾಲಿಪೆಡಿಲಮ್ ವಾಂಡರ್‌ಪ್ಲಾಂಕಿ ಎಂಬ ನೊಣಜಾತಿಯ ಮರಿಹುಳು. ನೀರು ಆರುತ್ತ ಬಂದಂತೆ ಅದು ಟ್ರೆಹಲೋಸ್ ಎಂಬ ಸಕ್ಕರೆಯನ್ನು ಮೈತುಂಬ ತುಂಬಿಕೊಂಡು ತನ್ನ ನೀರಿನಂಶವನ್ನು ಶೇ 3ರಷ್ಟಕ್ಕೆ ಇಳಿಸಿಕೊಳ್ಳುತ್ತದೆ. 17 ವರ್ಷ ಒಣಗಿದ್ದ ಮರಿಗಳು ನೀರು ತಾಗಿದೊಡನೆ ಚಲಿಸಿದ ದಾಖಲೆಯಿದೆ. ಕಡಲತೀರದ ಸಿಂಪಿಗೆ ಆರು ತಾಸು ಬಾಯಿಮುಚ್ಚಿ ಕುಳಿತರೆ ಸಾಕು, ಏಕೆಂದರೆ ಅದರ ನೀರು ಮರಳುವ ಹೊತ್ತು ಖಚಿತ. ದೊಣೆಯ ಜೀವಿಗೆ ಆ ಖಾತರಿಯಿಲ್ಲದಿರುವುದರಿಂದಲೇ ಅದು ಕಾಯುವುದನ್ನೇ ಬಾಳಿನ ಮುಖ್ಯ ಭಾಗವಾಗಿ ಮಾಡಿಕೊಂಡಿದೆ.

ಕಲ್ಲುಗಣಿಗೆ ಗುಡ್ಡವನ್ನು ಸೀಳಿದಾಗ, ದೊಣೆಗೆ ಕಸ ತುಂಬಿದಾಗ, ಪೂಜೆಯ ಎಣ್ಣೆ ಮತ್ತು ಸಾಬೂನಿನ ನೊರೆ ಅದರಲ್ಲಿ ಕೂಡಿದಾಗ ಇಂಥ ದೊಣೆಗಳು ಸದ್ದಿಲ್ಲದೆ ಇಲ್ಲವಾಗುತ್ತವೆ. ಹೂಳೆತ್ತುವ ಒಳ್ಳೆಯ ಕೆಲಸ ಕೂಡ, ತಳದ ಮಣ್ಣನ್ನು ಪೂರ್ತಿ ಬಳಿದು ಹೊರಗೆಸೆದರೆ, ಅನೇಕ ವರ್ಷಗಳ ಮೊಟ್ಟೆಯ ಕಣಜವನ್ನೇ ಬರಿದುಮಾಡುತ್ತದೆ. ಆದ್ದರಿಂದ ಬಂಡೆಯ ಮೇಲಿನ ಹೊಂಡಗಳನ್ನು ಎಣಿಸುವವರೂ ಉಳಿಸುವವರೂ ಚೈತ್ರ, ವೈಶಾಖಗಳ ಒಣ ದೊಣೆಯನ್ನು ಖಾಲಿಯೆಂದು ಬರೆದುಕೊಳ್ಳಬಾರದು.