ಪರದೆಯ ಓದು, ಪುಟದ ಓದು: ವರ್ತಕರು ಅರಿಯಬೇಕಾದ ಲಾಭ-ನಷ್ಟ

ವ್ಯಾಪಾರಕ್ಕೂ ಓದಿಗೂ ಬಿಡಿಸಲಾಗದ ನಂಟುಂಟು. ದರಪಟ್ಟಿ, ಕರಾರು ಪತ್ರ, ಯಂತ್ರದ ಕೈಪಿಡಿ, ತೆರಿಗೆ ಇಲಾಖೆಯ ಸುತ್ತೋಲೆ ಇವುಗಳನ್ನು ಓದದೆ ಅಂಗಡಿಯಾಗಲಿ ಕಾರ್ಖಾನೆಯಾಗಲಿ ನಡೆಯದು. ಈ ಓದಿನ ಬಹುಪಾಲು ಇಂದು ಕಾಗದದಿಂದ ಪರದೆಗೆ ಸರಿದಿದೆ. ಖರ್ಚು ಉಳಿಯಿತೆಂಬ ಸಮಾಧಾನ ಒಂದೆಡೆಯಾದರೆ, ಓದಿದ್ದು ಎಷ್ಟರ ಮಟ್ಟಿಗೆ ಮನಸ್ಸಿಗೆ ಇಳಿಯಿತೆಂಬ ಪ್ರಶ್ನೆ ಇನ್ನೊಂದೆಡೆ. ಮುದ್ರಣ, ಕಾಗದ ಹಾಗೂ ಪುಸ್ತಕ ವ್ಯಾಪಾರವನ್ನೇ ನೆಚ್ಚಿಕೊಂಡವರಿಗಂತೂ ಇದು ಜೀವನೋಪಾಯದ ಪ್ರಶ್ನೆಯೇ ಆಗಿದೆ.

ಎರಡು ಬಗೆಯ ಪರದೆ

ಅಮೆಜಾನ್ ಸಂಸ್ಥೆಯು 2007ರ ನವೆಂಬರ್‌ನಲ್ಲಿ 399 ಡಾಲರ್ ಬೆಲೆಗೆ ಕಿಂಡಲ್ ಸಾಧನವನ್ನು ಮಾರುಕಟ್ಟೆಗೆ ತಂದಿತು. ಆಪಲ್ ಸಂಸ್ಥೆಯ ಐಪ್ಯಾಡ್ 2010ರ ಏಪ್ರಿಲ್‌ನಲ್ಲಿ 499 ಡಾಲರ್ ಆರಂಭಿಕ ಬೆಲೆಗೆ ಬಂದಿತು. ಇವೆರಡರ ತಂತ್ರ ಬೇರೆ ಬೇರೆ. ಕಿಂಡಲ್‌ನ ಮೂಲ ಪರದೆಯಲ್ಲಿ ಕಪ್ಪು ಮತ್ತು ಬಿಳಿ ಕಣಗಳನ್ನು ತುಂಬಿದ ಅತಿ ಸೂಕ್ಷ್ಮ ಕೋಶಗಳಿದ್ದು, ವಿದ್ಯುತ್ತಿನ ಪ್ರೇರಣೆಯಿಂದ ಅವು ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುತ್ತವೆ. ಪುಟ ಬದಲಿಸುವಾಗ ಮಾತ್ರ ಅದಕ್ಕೆ ವಿದ್ಯುತ್ ಬೇಕು. ಕಾಗದದಂತೆ ಅದು ಹೊರಗಿನ ಬೆಳಕಿನಲ್ಲಿ ಕಾಣುತ್ತದೆ. ಟ್ಯಾಬ್ಲೆಟ್ ಪರದೆಯಾದರೋ ತಾನೇ ಬೆಳಕು ಸೂಸುತ್ತದೆ. ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆಯ ಸಂಶೋಧಕರು 12 ಮಂದಿಯನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಂತೆ, ಮಲಗುವ ಮುನ್ನ ಇಂತಹ ಪರದೆಯಲ್ಲಿ ಓದಿದವರಿಗೆ ನಿದ್ರೆ ಹತ್ತಲು ಪುಸ್ತಕ ಓದಿದ ದಿನಗಳಿಗಿಂತ ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು.

ತಿಳಿವಳಿಕೆಯ ಲೆಕ್ಕ

ಸ್ಪೇನ್ ಮತ್ತು ಇಸ್ರೇಲ್ ದೇಶಗಳ ವಿದ್ವಾಂಸರು 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು 1,70,000ಕ್ಕೂ ಹೆಚ್ಚು ಓದುಗರನ್ನು ಒಳಗೊಂಡಿತ್ತು. ಕಾಗದದ ಮೇಲೆ ಓದಿದವರ ಗ್ರಹಿಕೆ ಒಟ್ಟಾರೆ ಮೇಲಾಗಿತ್ತು. ಅಂತರ ಬಹಳ ದೊಡ್ಡದಲ್ಲ. ಕಥನ ರೂಪದ ಬರಹದಲ್ಲಂತೂ ಅಂತರವೇ ಕಾಣಲಿಲ್ಲ. ಆದರೆ ಮಾಹಿತಿಪ್ರಧಾನ ಬರಹವನ್ನು, ಅದರಲ್ಲಿಯೂ ಸಮಯದ ಒತ್ತಡದಲ್ಲಿ ಓದುವಾಗ ಕಾಗದದ ಮೇಲುಗೈ ಎದ್ದುಕಂಡಿತು. ಪರದೆಯ ಬಳಕೆ ರೂಢಿಯಾದಂತೆ ಈ ಅಂತರ ಕರಗೀತೆಂಬ ನಿರೀಕ್ಷೆ ಹುಸಿಯಾಯಿತು. ವರ್ಷಗಳು ಉರುಳಿದಂತೆ ಅದು ಹೆಚ್ಚುತ್ತಲೇ ಬಂದಿತ್ತು.

ಕರಾರು ಪತ್ರವಾಗಲಿ ಸುತ್ತೋಲೆಯಾಗಲಿ ಮಾಹಿತಿಪ್ರಧಾನ ಬರಹವೇ. ವರ್ತಕರು ಅದನ್ನು ಓದುವುದೂ ಬಹುತೇಕ ಅವಸರದಲ್ಲಿಯೇ. ಇಸ್ರೇಲಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು, ಪರದೆಯಲ್ಲಿ ಓದುವವರು ತಮಗೆ ತಿಳಿದಿರುವುದಕ್ಕಿಂತ ಹೆಚ್ಚು ತಿಳಿದಿದೆಯೆಂದು ಭಾವಿಸುತ್ತಾರೆಂದು ತೋರಿಸಿತು. ಅರಿಯದಿರುವುದಕ್ಕಿಂತ ಅರಿತೆನೆಂಬ ಭ್ರಮೆಯೇ ವ್ಯವಹಾರದಲ್ಲಿ ಹೆಚ್ಚು ದುಬಾರಿ. ಶಾಲೆಗಳಲ್ಲಿ ಪರದೆಯನ್ನು ಮೊದಲೇ ಅಪ್ಪಿಕೊಂಡಿದ್ದ ಸ್ವೀಡನ್ ಸರ್ಕಾರವು 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳ ಖರೀದಿಗೆ 685 ಮಿಲಿಯನ್ ಕ್ರೋನರ್ ತೆಗೆದಿರಿಸಿತು.

ಕೊಂಡದ್ದು ಯಾರ ಸ್ವತ್ತು?

ಇ-ಪುಸ್ತಕದ ಖರೀದಿಯಲ್ಲಿ ಗ್ರಾಹಕನಿಗೆ ದೊರೆಯುವುದು ಸಾಮಾನ್ಯವಾಗಿ ಓದುವ ಪರವಾನಗಿಯೇ ಹೊರತು ಸ್ವಾಮ್ಯವಲ್ಲ. ಹಕ್ಕುಸ್ವಾಮ್ಯದ ತೊಡಕಿನಿಂದಾಗಿ 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್‌ರ ಕೃತಿಗಳ ಕೆಲವು ಪ್ರತಿಗಳನ್ನು ಗ್ರಾಹಕರ ಸಾಧನಗಳಿಂದಲೇ ಅಳಿಸಿಹಾಕಿ ಹಣ ಮರಳಿಸಿತು. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು 2019ರಲ್ಲಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಮರೆಯಾದವು. ಹಣ ಮಾತ್ರ ಹಿಂದೆ ಬಂದಿತು. ಕಪಾಟಿನಲ್ಲಿರುವ ಪುಸ್ತಕಕ್ಕೆ ಈ ಭಯವಿಲ್ಲ. ಅದನ್ನು ಎರವಲು ಕೊಡಬಹುದು, ಮಾರಲೂಬಹುದು.

ಮುದ್ರಣೋದ್ಯಮದ ಪಾಡು

2011ರ ಮೇ ತಿಂಗಳಿನಲ್ಲಿ ಅಮೆಜಾನ್, ಪ್ರತಿ 100 ಮುದ್ರಿತ ಪುಸ್ತಕಗಳಿಗೆ 105 ಕಿಂಡಲ್ ಪುಸ್ತಕಗಳನ್ನು ಮಾರುತ್ತಿರುವುದಾಗಿ ಪ್ರಕಟಿಸಿದಾಗ ಮುದ್ರಣದ ಕಾಲ ಮುಗಿಯಿತೆಂದು ಅನೇಕರು ಬಗೆದರು. ಆದರೆ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಇ-ಪುಸ್ತಕಗಳ ಓಟ ನಿಧಾನಗೊಂಡು, ಮುದ್ರಿತ ಪುಸ್ತಕ ತನ್ನ ಸ್ಥಾನ ಉಳಿಸಿಕೊಂಡಿತು. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ತೆರೆದುಕೊಂಡಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕನ್ನಡಿಗ ಉದ್ಯಮಿಗಳೇ ಆ ಬಳಿಕ ಕನ್ನಡ ಇ-ಪುಸ್ತಕಗಳಿಗೆ ಮಾರಾಟ ವೇದಿಕೆಗಳನ್ನು ಕಟ್ಟಿದರು.

ತೆರಿಗೆಯ ಪಾತ್ರವೂ ಗಮನಾರ್ಹ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮುದ್ರಿತ ಆವೃತ್ತಿಯೂ ಇರುವ ಇ-ಪುಸ್ತಕದ ಮೇಲಿನ ತೆರಿಗೆಯನ್ನು 2018ರ ಜುಲೈನಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ಮೇಲ್ನೋಟಕ್ಕೆ ಅನುಕೂಲ ಮುದ್ರಣದ ಕಡೆಗಿದೆ. ಆದರೆ ಪುಸ್ತಕಕ್ಕೆ ತೆರಿಗೆಯಿಲ್ಲದಿರುವುದರಿಂದ ಕಾಗದಕ್ಕೆ ತೆತ್ತ ತೆರಿಗೆಯನ್ನು ಪ್ರಕಾಶಕರು ಮರಳಿ ಪಡೆಯಲಾರರು. ಅದು ಪುಸ್ತಕದ ಬೆಲೆಗೇ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹಲವು ಬಗೆಯ ಕಾಗದದ ತೆರಿಗೆ ಶೇ. 12ರಿಂದ ಶೇ. 18ಕ್ಕೆ ಏರಿದ್ದು ಈ ಹೊರೆಯನ್ನು ಹೆಚ್ಚಿಸಿದೆ.

ಯಾವುದು ಎಲ್ಲಿ?

ಪರದೆಯನ್ನು ತಿರಸ್ಕರಿಸುವುದು ಜಾಣತನವಲ್ಲ. ದಿನದಿನಕ್ಕೆ ಬದಲಾಗುವ ದರಪಟ್ಟಿ, ಸಾವಿರ ಪುಟದ ಬಿಡಿಭಾಗಗಳ ಪಟ್ಟಿ, ದೂರದ ಗ್ರಾಹಕನಿಗೆ ತೋರಿಸಬೇಕಾದ ಮಾದರಿ ಚಿತ್ರ ಇವಕ್ಕೆ ಟ್ಯಾಬ್ಲೆಟ್‌ಗಿಂತ ಮಿಗಿಲಾದುದಿಲ್ಲ. ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕುವ, ಅಕ್ಷರವನ್ನು ಹಿಗ್ಗಿಸುವ ಸೌಲಭ್ಯ ವಯಸ್ಸಾದ ಕಣ್ಣುಗಳಿಗೆ ವರವೇ ಸರಿ. ಆದರೆ ಸಹಿ ಹಾಕಬೇಕಾದ ಕರಾರು, ಸಾಲದ ಷರತ್ತುಗಳು, ಹೊಸ ಕೆಲಸಗಾರನು ಕಲಿಯಬೇಕಾದ ಯಂತ್ರದ ಸುರಕ್ಷತಾ ನಿಯಮ ಇವುಗಳನ್ನು ಕಾಗದಕ್ಕಿಳಿಸಿ, ಪೆನ್ಸಿಲ್ ಹಿಡಿದು, ಬಿಡುವು ಮಾಡಿಕೊಂಡು ಓದುವುದೇ ಲೇಸು. ಹತ್ತು ಹಾಳೆಯ ಖರ್ಚು ಕೆಲವೇ ರೂಪಾಯಿ. ಕಣ್ತಪ್ಪಿದ ಒಂದು ಷರತ್ತಿನ ಬೆಲೆ ಇಡೀ ವರ್ಷದ ಲಾಭವೂ ಆಗಬಹುದು.