ಪೀಣ್ಯದ ರಜೆ, ವೈಟ್‌ಫೀಲ್ಡಿನ ಪಟ್ಟಿ

ಪ್ರತಿ ಚುನಾವಣೆಯ ಸಂಜೆ ಬೆಂಗಳೂರಿಗೆ ಬೈಗುಳ ತಪ್ಪಿದ್ದಲ್ಲ. 2024ರ ಏಪ್ರಿಲ್ 26ರಂದು ನಗರದ ದಕ್ಷಿಣ, ಕೇಂದ್ರ, ಉತ್ತರ ಲೋಕಸಭಾ ಕ್ಷೇತ್ರಗಳು ಮೂರೂ ಶೇ 53ರಿಂದ 55ರ ನಡುವೆ ನಿಂತವು; ರಾಜ್ಯದ ಒಟ್ಟು ಮತದಾನ ಪ್ರಮಾಣ ಶೇ 70 ದಾಟಿತ್ತು. ಓಟು ಹಾಕಿ ಬಂದವರಿಗೆ ಪುಕ್ಕಟೆ ಬೆಣ್ಣೆದೋಸೆ ಕೊಟ್ಟ ಹೋಟೆಲೂ ಇತ್ತು, ಉಪಯೋಗವಾಗಲಿಲ್ಲ.

‘ಐಟಿಯವರಿಗೆ ಓಟೆಂದರೆ ಲಾಂಗ್ ವೀಕೆಂಡ್’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅಂದು ಶುಕ್ರವಾರ, ಊರು ಬಿಟ್ಟವರು ಇದ್ದೇ ಇದ್ದರು. ಆದರೆ ಶೇಕಡಾವಾರು ಲೆಕ್ಕ ಮತದಾರರ ಪಟ್ಟಿಯಲ್ಲಿರುವ ಹೆಸರುಗಳ ಮೇಲೆ ನಿಂತಿದೆ. ವೈಟ್‌ಫೀಲ್ಡ್ ಸೇರಿರುವ ಮಹದೇವಪುರ ವಿಧಾನಸಭಾ ಕ್ಷೇತ್ರದ ಪಟ್ಟಿ ಆಗ ಆರೂವರೆ ಲಕ್ಷದಷ್ಟು ದೊಡ್ಡದಿತ್ತು. ಇಲ್ಲಿನ ಬಾಡಿಗೆ ಮನೆ ಖಾಲಿ ಮಾಡಿ ಪುಣೆಗೆ ಹೋದವನ ಹೆಸರು ಹಳೆಯ ಬೂತಿನಲ್ಲೇ ಉಳಿದಿದ್ದರೆ ಅವನೂ ಓಟು ಹಾಕದ ಬೆಂಗಳೂರಿಗನೇ. ಪಟ್ಟಿ ಹಿಡಿದು ಮನೆಮನೆ ನೋಡದೆ ಸೋಮಾರಿಗಳೆಂದು ತೀರ್ಪು ಕೊಡುವುದು ನನಗಂತೂ ಅವಸರವೆನಿಸುತ್ತದೆ.

ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ಇನ್ನೊಂದು ನಂಬಿಕೆ: ಸ್ವಂತ ಮನೆ ಇಲ್ಲದವರಿಗೆ ಇಲ್ಲಿ ಓಟಿಲ್ಲ. ಕಾನೂನು ಕೇಳುವುದು ನೀವು ಸಾಮಾನ್ಯವಾಗಿ ವಾಸಿಸುವ ಜಾಗವನ್ನು. ಮನೆಯ ಒಡೆತನವೊಂದೇ ಹಕ್ಕು ಕೊಡುವುದಿಲ್ಲ, ಬಾಡಿಗೆ ಅದನ್ನು ಕಿತ್ತುಕೊಳ್ಳುವುದೂ ಇಲ್ಲ. ಮನೆ ಬದಲಾದರೆ ನಮೂನೆ 8, ಮೊದಲ ಸಲವಾದರೆ ನಮೂನೆ 6. ಜೇಬಿನಲ್ಲಿ ವೋಟರ್ ಐಡಿ ಇದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ, ಹೆಸರು ಪಟ್ಟಿಯಲ್ಲಿರಬೇಕು.

ಪೀಣ್ಯದ ಕಥೆ ಬೇರೆ. ಅಲ್ಲಿನ ಲೇತ್ ಮೆಷಿನ್ ಮುಂದೆ, ಗಾರ್ಮೆಂಟ್ಸ್‌ನಲ್ಲಿ ನಿಂತವರಲ್ಲಿ ಉತ್ತರ ಕರ್ನಾಟಕದವರು ಬಹಳ. ಹೆಸರು ಊರಿನ ಪಟ್ಟಿಯಲ್ಲಿ. 2024ರಲ್ಲಿ ಬೆಂಗಳೂರಿಗೆ ಮತದಾನ ಏಪ್ರಿಲ್ 26ಕ್ಕೆ, ರಾಯಚೂರು, ಕಲಬುರಗಿಗೆ ಮೇ 7ಕ್ಕೆ. ‘ಓಟಿನ ರಜೆ ಆಗಲೇ ಕೊಟ್ಟಾಯ್ತಲ್ಲ’ ಎಂದು ಸೂಪರ್‌ವೈಸರ್ ಹೇಳಿದರೆ ಒಪ್ಪಬೇಕಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ಮತದಾರನಿಗೆ ಮತದಾನದ ದಿನ ಸಂಬಳ ಸಹಿತ ರಜೆ, ದಿನಗೂಲಿಯವರಿಗೂ ಉಂಟು. ಹೊರ ಕ್ಷೇತ್ರದಲ್ಲಿ ದುಡಿಯುವವರಿಗೂ ಇದು ಸಲ್ಲುತ್ತದೆಂದು ಚುನಾವಣಾ ಆಯೋಗ ಹೇಳಿದೆ. ಕೊಡದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ! ಆ ಮೊತ್ತ ನೋಡಿ ಹೆದರುವ ಕಾರ್ಖಾನೆ ಯಾವುದಿದ್ದೀತು? ರಜೆ ಸಿಕ್ಕರೂ ರಾಯಚೂರಿಗೆ ಹೋಗಿಬರುವ ಬಸ್ ಚಾರ್ಜು ಕೈಯಿಂದಲೇ.

ಇನ್ನು ನಂಬಿಕೆಯ ಮಾತು. ಪಟ್ಟಿಯ ಬಗೆಗಿನ ಅನುಮಾನವೆಲ್ಲ ರಾಜಕೀಯ ಗಲಾಟೆ ಎನ್ನುವವರು 2022ರ ನವೆಂಬರ್ ನೆನೆಯಲಿ. ‘ಚಿಲುಮೆ’ ಎಂಬ ಸಂಸ್ಥೆ ಮತದಾರರ ಮಾಹಿತಿ ಸಂಗ್ರಹಿಸಿದ ಆರೋಪ ಎದ್ದಾಗ ಆಯೋಗವೇ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದಲ್ಲಿ ಹೆಸರುಗಳ ಸೇರ್ಪಡೆ, ರದ್ದತಿಯನ್ನು ಮರುಪರಿಶೀಲಿಸಲು ಹೇಳಿತು. ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಇದೇ ಮಹದೇವಪುರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮತ ಕಳವಾಗಿದೆ ಎಂದರು, ಆಯೋಗ ತಳ್ಳಿಹಾಕಿತು. ಇಲ್ಲಿ ಎರಡು ಸಂಗತಿ ಬೆರೆಯುತ್ತವೆ. ಒಬ್ಬರ ಹೆಸರು ಎರಡು ಕಡೆ ಇರುವುದು ಪಟ್ಟಿಯ ದೋಷ, ಅದನ್ನು ತಿದ್ದಲೇಬೇಕು. ಎರಡೂ ಕಡೆ ಓಟು ಬಿತ್ತೇ ಎಂಬುದು ಬೂತಿನ ಸಹಿ ಪುಸ್ತಕ ನೋಡಿ ತಿಳಿಯಬೇಕಾದ ಇನ್ನೊಂದು ಪ್ರಶ್ನೆ.

‘ಒತ್ತಿದ್ದು ಒಂದು, ಬಿದ್ದದ್ದು ಇನ್ನೊಂದು’ ಎನ್ನುವವರಿಗೂ ದಾರಿಯಿದೆ.  ಮತಯಂತ್ರದ ಪಕ್ಕದ ವಿವಿಪ್ಯಾಟ್ ಗಾಜಿನ ಹಿಂದೆ ಮತ ಬಿದ್ದ ಚಿಹ್ನೆಯ ಚೀಟಿ 7 ಸೆಕೆಂಡು ಕಾಣುತ್ತದೆ. ಎಣಿಕೆಯ ದಿನ ಪ್ರತಿ ವಿಧಾನಸಭಾ ಕ್ಷೇತ್ರದ 5 ಬೂತುಗಳ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಎಲ್ಲ ಚೀಟಿ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಿರಸ್ಕರಿಸಿದ್ದು ಬೆಂಗಳೂರು ಓಟು ಹಾಕುತ್ತಿದ್ದ ಆ ಏಪ್ರಿಲ್ 26ರಂದೇ. ಚೀಟಿಯಲ್ಲಿ ಬೇರೆ ಚಿಹ್ನೆ ಕಂಡರೆ ಮತಗಟ್ಟೆ ಅಧಿಕಾರಿಗೆ ಅಲ್ಲೇ ಬರೆದುಕೊಟ್ಟು, ಏಜೆಂಟರ ಎದುರು ಪರೀಕ್ಷಾ ಮತ ಹಾಕಬಹುದು. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲಿಸಬೇಕು. ಸುಳ್ಳಾದರೆ ದೂರಿತ್ತವರ ಮೇಲೆ ಕೇಸು.