ನೆಂಟಸ್ತಿಕೆಯೇ ಬಂಡವಾಳ, ಹೆಸರೇ ಅಡಮಾನ

ಸಿಂಗಾಪುರವೆಂದೊಡನೆ ಸಾಗರದಾಚೆಯ ವಾಣಿಜ್ಯ ನಗರಿ ನೆನಪಾಗುವುದು ಸಹಜ. ಆದರೆ ಬೆಂಗಳೂರಿನ ಉತ್ತರದ ಅಂಚಿನಲ್ಲಿ, ವಿದ್ಯಾರಣ್ಯಪುರದ ಮಗ್ಗುಲಲ್ಲಿಯೂ ಒಂದು ಸಿಂಗಾಪುರವಿದೆ. ಯಲಹಂಕವೂ ಸೇರಿದಂತೆ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳು 2007ರಲ್ಲಿ ಮಹಾನಗರ ಪಾಲಿಕೆಯ ತೆಕ್ಕೆಗೆ ಬಂದವು. ಆಮೇಲಿನ ವರ್ಷಗಳಲ್ಲಿ ಈ ಭಾಗದ ಹೊಲ, ತೋಟಗಳು ಬಡಾವಣೆಗಳಾದವು. ನಗರದ ಇಂತಹ ಯಾವುದೇ ಹೊಸ ಬಡಾವಣೆಯಲ್ಲಿ ಮೊದಲು ಬಾಗಿಲು ತೆರೆಯುವ ಅಂಗಡಿಗಳಲ್ಲಿ ಒಂದು ದರ್ಶಿನಿ, ಒಂದು ಅಯ್ಯಂಗಾರ್ ಬೇಕರಿ ಇದ್ದೇ ಇರುತ್ತವೆ. ಇವುಗಳ ಮಾಲೀಕರು ಬಹುಮಟ್ಟಿಗೆ ಹೊರಗಿನಿಂದ ಬಂದವರು. ಆಸ್ತಿಯಿಲ್ಲದೆ ಬಂದ ಇವರಿಗೆ ಬಂಡವಾಳ ಒದಗಿಸಿದವರು ಯಾರು?

ಉತ್ತರ ಹಳೆಯದು. ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯೇ ನಗರದ ಮೊದಲ ಅಯ್ಯಂಗಾರ್ ಬೇಕರಿ ಎಂದು ಪ್ರಸಿದ್ಧಿ. ಬಿ.ಬಿ. ಎಂದರೆ ‘ಬೆಂಗಳೂರ್ ಬ್ರದರ್ಸ್’. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ತೆರೆದ ಕಾಫಿ ಕ್ಲಬ್ಬು ಮುಂದೆ ಎಂಟಿಆರ್ ಆಯಿತು. ಎರಡೂ ಕಡೆ ಉದ್ಯಮಕ್ಕೆ ಅಡಿಪಾಯವಾದದ್ದು ಒಡಹುಟ್ಟಿದವರ ದುಡಿಮೆ. ಕಾಲಕ್ರಮೇಣ ‘ಅಯ್ಯಂಗಾರ್’ ಎಂಬುದು ಜಾತಿಸೂಚಕಕ್ಕಿಂತ ರುಚಿಸೂಚಕವಾಗಿ ಉಳಿಯಿತು. ಇಂದು ಆ ಫಲಕದ ಹಿಂದೆ ಹಾಸನ ಜಿಲ್ಲೆಯ ಇತರ ಸಮುದಾಯದವರೂ ಅನೇಕರಿದ್ದಾರೆ. ನೆಂಟರ ಕೈಹಿಡಿದು ಬರುವ ಪರಿಪಾಠ ಮಾತ್ರ ಬದಲಾಗಿಲ್ಲ.

ಈ ವ್ಯವಸ್ಥೆ ಕೆಲಸ ಮಾಡುವ ಬಗೆ ಗಮನಾರ್ಹ. ಊರಿನ ಹುಡುಗ ಸೋದರಮಾವನ ಬೇಕರಿಗೆ ಸೇರುತ್ತಾನೆ. ಒಲೆಯ ಮುಂದೆ ಕಸುಬು ಕಲಿಯುತ್ತಾನೆ. ಸಂಬಳದ ಒಂದಂಶ ಮಾವನ ಬಳಿಯೇ ಉಳಿಯುತ್ತದೆ. ಕೆಲವು ವರ್ಷಗಳ ನಂತರ ಹೊಸ ಬಡಾವಣೆಯಲ್ಲಿ ಮಳಿಗೆಯೊಂದು ಖಾಲಿಯಿರುವ ಸುದ್ದಿ ಬಂದಾಗ ಮುಂಗಡಕ್ಕೆ ಅಣ್ಣನ ಚೀಟಿ ಹಣ, ಯಂತ್ರಕ್ಕೆ ಅತ್ತಿಗೆಯ ಒಡವೆ ನೆರವಾಗುತ್ತವೆ. ಮಾವನ ಮಾತಿನ ಮೇಲೆ ಮೈದಾ ವ್ಯಾಪಾರಿ ಸಾಲದ ಲೆಕ್ಕ ತೆರೆಯುತ್ತಾನೆ. ಎಲ್ಲಿಯೂ ಕಾಗದಪತ್ರವಿಲ್ಲ. ಬ್ಯಾಂಕು ತಿಂಗಳುಗಟ್ಟಲೆ ಪರಿಶೀಲಿಸಿದರೂ ತಿಳಿಯದ್ದು, ಅಂದರೆ ಈ ಹುಡುಗ ನಸುಕಿನಲ್ಲಿ ಏಳುತ್ತಾನೆಯೇ, ಗಲ್ಲಾಪೆಟ್ಟಿಗೆಗೆ ಕೈಹಾಕದವನೇ ಎಂಬುದು, ಮಾವನಿಗೆ ಮೊದಲೇ ತಿಳಿದಿರುತ್ತದೆ. ಸಾಲ ತಪ್ಪಿದರೆ ಊರ ಹಬ್ಬದಲ್ಲಿ ಮುಖವೆತ್ತಲಾಗದು ಎಂಬ ಅಂಜಿಕೆಯೇ ಇಲ್ಲಿ ಜಾಮೀನು. ಸಾಗರದಾಚೆಯ ಸಿಂಗಾಪುರದಲ್ಲಿ ಚೀನೀ ವಲಸಿಗರು ನಡೆಸುತ್ತಿದ್ದ ‘ಹುಯಿ’ ಎಂಬ ಚೀಟಿ ವ್ಯವಹಾರವೂ ಇದೇ ನಂಬಿಕೆಯ ಮೇಲೆ ನಿಂತಿತ್ತು.

ಆದರೆ ಈ ಪದ್ಧತಿಯನ್ನು ಬರಿದೇ ಕೊಂಡಾಡುವುದು ಸರಿಯಲ್ಲ. ಬಡ್ಡಿಯಿಲ್ಲದ ಸಾಲಕ್ಕೂ ಬೆಲೆಯಿದೆ. ಹೊಸ ಅಂಗಡಿ ಕುದುರಿದರೆ ತಂಗಿಯ ಮದುವೆ, ತಮ್ಮನ ಓದು, ಊರಿನಿಂದ ಬರುವ ಮುಂದಿನ ಹುಡುಗನ ಹೊಣೆ ಎಲ್ಲವೂ ಅದರ ಮೇಲೆ ಬೀಳುತ್ತವೆ. ಅಂಗಡಿ ಮುಚ್ಚಿದರೆ ಹಣದ ಜೊತೆಗೆ ಸಂಬಂಧವೂ ಮುಳುಗುತ್ತದೆ. ಒಡವೆ ಕೊಟ್ಟ ಹೆಣ್ಣುಮಗಳ ಹೆಸರು ಪಾಲುದಾರಿಕೆಯಲ್ಲಿ ಕಾಣುವುದು ಅಪರೂಪ. ಎಲ್ಲಕ್ಕಿಂತ ಮುಖ್ಯವಾಗಿ, ಈ ಬಂಡವಾಳ ಇದ್ದವರ ನೆಂಟರಿಗಷ್ಟೇ ದಕ್ಕುತ್ತದೆ. ತಲೆತಲಾಂತರದಿಂದ ಕೂಲಿಯಲ್ಲೇ ಸವೆದ ಕುಟುಂಬದ ಯುವಕನಿಗೆ ನಗರದಲ್ಲಿ ಬೇಕರಿಯ ಮಾವನಿಲ್ಲ; ದಲಿತ ಯುವಕನಿಗಂತೂ ಜಾತಿಯ ಗೋಡೆಯೂ ಅಡ್ಡ. ಕಸುಬು ಬಲ್ಲವನೇ ಆದರೂ ಆತ ಬೇರೆಯವರ ಒಲೆಯ ಮುಂದೆಯೇ ಮುದುಕನಾಗಬೇಕಾಗುತ್ತದೆ.

ಈ ಮಿತಿಯನ್ನು ಮೀರುವ ದಾರಿಯನ್ನು ನಮ್ಮ ಕರಾವಳಿಯೇ ಒಮ್ಮೆ ತೋರಿಸಿತ್ತು. ನೇಕಾರರ ಸಂಕಷ್ಟವನ್ನು ಕಂಡು ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಹಾಗೂ ವಾಮನ ಕುಡ್ವ ಅವರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. ಅದು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಪ್ರತಿನಿಧಿಯೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ಮಾವನಿಗೆ ಮಾತ್ರ ಗೊತ್ತಿರುತ್ತಿದ್ದ ಶಿಸ್ತು ಹೀಗೆ ಪುಸ್ತಕದಲ್ಲಿ ದಾಖಲಾಗತೊಡಗಿತು. ನೆಂಟಸ್ತಿಕೆಯ ನಂಬಿಕೆ ನೆಂಟರಲ್ಲದವರಿಗೂ ವಿಸ್ತರಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಅದು ಕಲಿಸಿದ ಪಾಠ ವಿಲೀನವಾಗಬೇಕಿಲ್ಲ.

ಅಡಮಾನವಿಲ್ಲದ ಸಾಲಕ್ಕಾಗಿ 2015ರಲ್ಲಿ ಮುದ್ರಾ ಯೋಜನೆ ಬಂದಿದೆ. ಬೀದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಬಂದ ಸ್ವನಿಧಿ ಯೋಜನೆಯಲ್ಲಿ ಮೊದಲ ಸಣ್ಣ ಸಾಲವನ್ನು ಸಕಾಲದಲ್ಲಿ ತೀರಿಸಿದವರಿಗೆ ಅದಕ್ಕಿಂತ ದೊಡ್ಡ ಸಾಲ ಸಿಗುತ್ತದೆ. ಇದು ಸರಿಯಾದ ದಿಕ್ಕು. ತಪ್ಪದೆ ಕಟ್ಟಿದ ಬಾಡಿಗೆ, ನೋಂದಾಯಿತ ಚೀಟಿಯ ಕಂತು, ಮೊಬೈಲಿನಲ್ಲಿ ನಡೆದ ದಿನದ ವಹಿವಾಟು, ಹಳೆಯ ಮಾಲೀಕ ನೀಡುವ ಕಸುಬಿನ ಪ್ರಮಾಣಪತ್ರ ಇವೆಲ್ಲವನ್ನೂ ಬ್ಯಾಂಕುಗಳು ಅರ್ಹತೆಯ ಪುರಾವೆಯೆಂದು ಪರಿಗಣಿಸಬೇಕು. ಅರ್ಜಿದಾರನ ಆಸ್ತಿಯನ್ನಷ್ಟೇ ಅಳೆಯುವ ವ್ಯವಸ್ಥಾಪಕ ಆತನ ಅಂಗಡಿಯ ಮೆಟ್ಟಿಲನ್ನೂ ಹತ್ತಬೇಕು.

ಬೆಂಗಳೂರು ಇನ್ನೂ ಬೆಳೆಯುತ್ತದೆ, ಹೊಸ ಬಡಾವಣೆಗಳು ಹುಟ್ಟುತ್ತವೆ. ಅಲ್ಲಿನ ಮಳಿಗೆಗಳು ನಗರದಲ್ಲಿ ಮಾವನಿದ್ದವರಿಗೆ ಸಿಕ್ಕಂತೆಯೇ ಕಸುಬೊಂದನ್ನೇ ನಂಬಿ ಬಂದವರಿಗೂ ಸಿಗುವಂತಾಗಬೇಕು. ಅದನ್ನು ಸಾಧ್ಯವಾಗಿಸುವುದು ಕುಟುಂಬದ ಕೆಲಸವಲ್ಲ, ಸಮಾಜದ ಕೆಲಸ.